ಸೀಲು ಇರುವಾಗ ಪರೀಕ್ಷೆ ಏಕೆ?

ಮೈಸೂರಿನಲ್ಲಿ ಮನೆಯ ಗೋಡೆಯೊಳಗೆ ವೈರು ಎಳೆಯುವವನಿಗೆ ವೈರ್‌ಮನ್ ಪರ್ಮಿಟ್ ಬೇಕು. ಆ ಮನೆಯ ಮುಂದೆ ಸ್ಕೂಟರ್ ಓಡಿಸಬೇಕೆಂದಿರುವ ಹುಡುಗಿ ಲೈಸೆನ್ಸಿನ ಪರೀಕ್ಷೆಯಲ್ಲಿ ರಸ್ತೆಯ ಗುರುತುಗಳನ್ನು ಬಲ್ಲೆನೆಂದು ತೋರಿಸಬೇಕು. ಮನೆಯ ವ್ಯಾಜ್ಯವನ್ನು ವಾದಿಸುವ ವಕೀಲರಿಗೆ 1961ರ ಕಾಯ್ದೆ ಇದೆ, ಯಜಮಾನರ ಲೆಕ್ಕಪತ್ರ ನೋಡುವ ಲೆಕ್ಕಪರಿಶೋಧಕರಿಗೆ 1949ರದು, ಮನೆಯ ನಕ್ಷೆಗೆ ರೂಪ ಕೊಡುವ ವಾಸ್ತುಶಿಲ್ಪಿಗೆ 1972ರದು. ಇಷ್ಟೆಲ್ಲ ಆದ ಮೇಲೆ ಆ ಮನೆ ನಿಲ್ಲುತ್ತದೆಯೋ ಬೀಳುತ್ತದೆಯೋ ಎಂದು ಲೆಕ್ಕ ಹಾಕುವ ಇಂಜಿನಿಯರಿಗೆ ಮಾತ್ರ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯೂ ಇಲ್ಲ, ವೃತ್ತಿ ಪರೀಕ್ಷೆಯೂ ಇಲ್ಲ. ಪದವಿ ಪ್ರಮಾಣಪತ್ರ, ಅನುಭವದ ಪತ್ರ ಮತ್ತು ಶುಲ್ಕವನ್ನು ಸಲ್ಲಿಸಿದರೆ ನೋಂದಣಿಯಾಗುತ್ತದೆ. ಅಲ್ಲಿಂದ ನೆಟ್ಟಗೆ, ನಕ್ಷೆಗಳಿಗೆ ಒತ್ತುವ ಸೀಲು ಮಾಡಿಕೊಡುವ ಅಂಗಡಿಗೆ ಹೋಗಬಹುದು. ಮನುಷ್ಯನ ಮೇಲೆ ಇಷ್ಟು ವಿಶ್ವಾಸವಿಟ್ಟಿರುವ ವ್ಯವಸ್ಥೆಯನ್ನು ಹೊಗಳದೆ ಇರುವುದು ಹೇಗೆ?

ನಮಗೆ ಪರೀಕ್ಷೆಗಳೆಂದರೆ ಅಲರ್ಜಿ ಎಂದು ಯಾರೂ ಭಾವಿಸಬಾರದು. ಇಂಜಿನಿಯರಿಂಗ್ ಸೇರಲು ಸಿಇಟಿ, ಸೇರಿದ ಮೇಲೆ 8 ಸೆಮಿಸ್ಟರು, ಅವುಗಳ ಬೆನ್ನಿಗೆ ಬ್ಯಾಕ್‌ಲಾಗು, ಹೊರಬಂದ ಮೇಲೆ 3 ಗಂಟೆಗಳಲ್ಲಿ 65 ಪ್ರಶ್ನೆ ಕೇಳುವ ಗೇಟ್. ಮುಂದಿನ ಓದಿಗೋ ಸರ್ಕಾರಿ ನೌಕರಿಗೋ ಒಳಗೆ ಬಿಡಬೇಕೇ ಬೇಡವೇ ಎಂಬುದಕ್ಕೆ ಎಷ್ಟು ಪರೀಕ್ಷೆಗಳಾದರೂ ಸಾಲವು. ಬೇರೆಯವರು ಮಲಗುವ ಕೋಣೆಯ ತಾರಸಿಗೆ ಸಹಿ ಹಾಕಲು ಬಿಡಬೇಕೇ ಎಂಬ ಪ್ರಶ್ನೆ ಮಾತ್ರ ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ.

ಅಮೆರಿಕದವರಿಗೆ ಈ ವಿಶ್ವಾಸವಿಲ್ಲ. ನಮ್ಮ ಬಡಾವಣೆಯ ಹುಡುಗನೊಬ್ಬ ಮಂಡ್ಯದಲ್ಲಿ ಸಿವಿಲ್ ಓದಿ, ಅಲ್ಲಿಗೆ ಹೋಗಿ, ಈಗ ‘ಪಿ.ಇ.’ (ಪ್ರೊಫೆಷನಲ್ ಇಂಜಿನಿಯರ್) ಎಂಬ ಲೈಸೆನ್ಸಿಗಾಗಿ ರಾತ್ರಿಯೆಲ್ಲ ಓದುತ್ತಿದ್ದಾನೆ. ಸಾಮಾನ್ಯವಾಗಿ ಅಲ್ಲಿ ಮೊದಲು ಇಂಜಿನಿಯರಿಂಗಿನ ಮೂಲಪಾಠಗಳ ಮೇಲೆ 110 ಪ್ರಶ್ನೆಗಳ ‘ಎಫ್.ಇ.’ ಪರೀಕ್ಷೆ, ಬಳಿಕ ಲೈಸೆನ್ಸು ಪಡೆದವರ ಕೈಕೆಳಗೆ ಸುಮಾರು 4 ವರ್ಷಗಳ ಕೆಲಸ, ಅದಕ್ಕೆ ಅಂಥವರದೇ ಸಾಕ್ಷಿ, ಜೊತೆಗೆ 8 ಗಂಟೆಗಳಲ್ಲಿ 80 ಪ್ರಶ್ನೆಗಳ ಇನ್ನೊಂದು ಪರೀಕ್ಷೆ. ಹಿಂದೆ ಅಭ್ಯರ್ಥಿಗಳು ಪೆಟ್ಟಿಗೆಗಟ್ಟಲೆ ಪುಸ್ತಕಗಳನ್ನು ಹೊತ್ತು ಪರೀಕ್ಷಾ ಕೊಠಡಿಗೆ ಹೋಗುತ್ತಿದ್ದರು. 2022ರಲ್ಲಿ ಸಿವಿಲ್ ಪತ್ರಿಕೆಯೂ ಕಂಪ್ಯೂಟರಿಗೆ ಬಂದ ಮೇಲೆ ಪರದೆಯ ಮೇಲೆ ತೋರಿಸುವ ಕೈಪಿಡಿ, ನಿರ್ಮಾಣದ ನಿಯಮಗಳ ಸಂಹಿತೆಗಳೇ ಗತಿ. ಕ್ಯಾಲ್ಕುಲೇಟರ್ ಕೂಡ ಅವರು ಪಟ್ಟಿ ಮಾಡಿದ್ದೇ ಆಗಬೇಕು. ಆ ಪಟ್ಟಿಯಲ್ಲಿ ನಮ್ಮ ಮಕ್ಕಳು ಸೆಮಿಸ್ಟರ್ ಪರೀಕ್ಷೆಗೆ ಒಯ್ಯುವ ಕ್ಯಾಸಿಯೋ ಎಫ್‌ಎಕ್ಸ್-991 ಇದೆ. ಹುಡುಗನನ್ನು ಹಾಗೆಯೇ ಒಪ್ಪದವರು ಅವನ ಕ್ಯಾಲ್ಕುಲೇಟರನ್ನು ಮರುಮಾತಿಲ್ಲದೆ ಒಪ್ಪಿದ್ದಾರೆ. “ಡಿಗ್ರಿ ಆದ ಮೇಲೂ ಪರೀಕ್ಷೆಯೇ? ಅಲ್ಲಿಯವರಿಗೆ ನಮ್ಮ ಮಗನ ಮೇಲೆ ಅನುಮಾನವೇ?” ಎಂದು ಅವನ ತಾಯಿ ಕೇಳುತ್ತಾರೆ. ಹೌದಮ್ಮ, ಅನುಮಾನವೇ.

ಆ ಅನುಮಾನ ಮೊದಲು ಕಾಯ್ದೆಯಾದದ್ದು 1907ರಲ್ಲಿ, ವ್ಯೋಮಿಂಗ್ ರಾಜ್ಯದಲ್ಲಿ. ನೀರಿನ ಹಕ್ಕಿನ ಅರ್ಜಿಗಳ ಜೊತೆಗೆ ಬರುತ್ತಿದ್ದ ನಕ್ಷೆಗಳನ್ನು ವಕೀಲರು, ನೋಟರಿಗಳು ಮುಂತಾಗಿ ಕೈಗೆ ಸಿಕ್ಕವರೆಲ್ಲ ತಯಾರಿಸಿ, ಇಂಜಿನಿಯರೆಂದು ಸಹಿ ಹಾಕುತ್ತಿದ್ದರಂತೆ. ನಾಲೆಯ ನೀರು ಯಾರ ಗದ್ದೆಗೆ ಎಷ್ಟು ಎಂಬ ತಕರಾರು ಏನೆಂದು ಮಂಡ್ಯದವರಿಗೆ ವಿವರಿಸಬೇಕಾಗಿಲ್ಲ. ಅದಾಗಿ 4 ವರ್ಷಕ್ಕೆ ಇಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆ ಕಟ್ಟೆ ಸುರ್ಕಿ ಗಾರೆಯಲ್ಲಿ ಎದ್ದು ಇಂದಿಗೂ ನಿಂತಿರುವುದನ್ನು ತೋರಿಸಿ, “ವಿಶ್ವೇಶ್ವರಯ್ಯನವರಿಗೆ ಯಾವ ಲೈಸೆನ್ಸ್ ಇತ್ತು?” ಎಂದು ಕೇಳುವವರಿದ್ದಾರೆ. ಪುಣೆಯಲ್ಲಿ ಓದಿದ ಅವರು 1883ರಲ್ಲಿ ಎಲ್‌ಸಿಇ ಎಂಬ ಅಂದಿನ ಸಿವಿಲ್ ಇಂಜಿನಿಯರಿಂಗ್ ಪರೀಕ್ಷೆಯನ್ನು ಮೊದಲ ಸ್ಥಾನದಲ್ಲಿ ಗೆದ್ದವರು ಎಂಬುದು ಸೆಪ್ಟೆಂಬರ್ 15ರಂದು ಹಾರ ಹಾಕುವ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ.

ಆದರೂ ಪರೀಕ್ಷೆ ಬೇಕೇ ಬೇಕೆನ್ನುವುದಾದರೆ ಅದು ನಮ್ಮ ನೆಲದ ಪರೀಕ್ಷೆಯಾಗಿರಲಿ. 30×40 ಸೈಟಿನಲ್ಲಿ ಯಜಮಾನರಿಗೆ ನಾಲ್ಕು ಮಹಡಿ ಬೇಕು, ಮಂಜೂರಾದ ನಕ್ಷೆಯಲ್ಲಿರುವುದು ಎರಡು, ಸುತ್ತ ಬಿಡಬೇಕಾದ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, ಇರುವುದು ಕಾಗದದಲ್ಲಿ ಮಾತ್ರ. ವಾಸ್ತು ಹೇಳುವವರು ಬಂದು ಈಶಾನ್ಯದ ಕಾಲಮ್ಮನ್ನು ಎರಡು ಅಡಿ ಸರಿಸಲು ಸೂಚಿಸಿದ್ದಾರೆ. ಅಭ್ಯರ್ಥಿಯು ಬೀಮಿನ ಲೆಕ್ಕವನ್ನು ಮತ್ತೆ ಮಾಡುತ್ತಾನೋ, ದಕ್ಷಿಣೆಯ ಲೆಕ್ಕವನ್ನೋ? ಇನ್ನೊಂದು ಪ್ರಶ್ನೆ: 6 ಮೀಟರ್‌ವರೆಗಿನ ಬೀಮಿನ ಕೆಳಗಿನ ಆಧಾರಗಳನ್ನು ಸಾಮಾನ್ಯವಾಗಿ 14 ದಿನ ತೆಗೆಯಬಾರದು ಎಂದು ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456 ಹೇಳುತ್ತದೆ, ಗೃಹಪ್ರವೇಶದ ಮುಹೂರ್ತ ಹತ್ತಿರವಾಗಿದೆ, ಸೆಂಟ್ರಿಂಗ್‌ನವನಿಗೆ ಹಲಗೆಗಳು ಬೇರೆ ಸೈಟಿಗೆ ಬೇಕಾಗಿವೆ, “ಏನೂ ಆಗಲ್ಲ ಸಾರ್, ಎಲ್ಲ ಕಡೆ ಹಿಂಗೇ ಮಾಡೋದು” ಎಂದು ಮೇಸ್ತ್ರಿ ಅಭಯ ಕೊಟ್ಟಿದ್ದಾನೆ. ಸಂಹಿತೆ, ಮುಹೂರ್ತ, ಮೇಸ್ತ್ರಿ ಇವರಲ್ಲಿ ಅಂತಿಮ ಪ್ರಾಧಿಕಾರ ಯಾರು? ನಿಜವಾಗಿ ನಡೆಯುವುದನ್ನು ಬರೆದವರಿಗೆ ಪೂರ್ಣಾಂಕ, ಪುಸ್ತಕದಲ್ಲಿರುವುದನ್ನು ಬರೆದವರಿಗೆ ಅಮೆರಿಕದ ದಾರಿ.

ಪ್ರಾಯೋಗಿಕ ಪರೀಕ್ಷೆಯಲ್ಲಿ, ಪರಿಚಯವೇ ಇಲ್ಲದವರು ತಂದ ನಕ್ಷೆಗಳ ಕಟ್ಟನ್ನು ಬಿಡಿಸದೆಯೇ ಮೂಲೆಗಳಿಗೆ ಸೀಲು ಒತ್ತಿ ತೋರಿಸಬೇಕು. ಮೌಖಿಕ ಪರೀಕ್ಷೆಯಲ್ಲಿ, ಗೋಡೆಯಲ್ಲಿ ಬಿರುಕು ಬಂತೆಂದು ಯಜಮಾನರು ಫೋನು ಮಾಡಿದಾಗ ಅದು ಪ್ಲಾಸ್ಟರಿನ ಬಿರುಕು ಮಾತ್ರ ಎಂದು ನೋಡದೆಯೇ ಹೇಳುವ ಸಾಮರ್ಥ್ಯವನ್ನು ಅಳೆಯಬೇಕು. ಇನ್ನು ಮೌಲ್ಯಮಾಪಕರಾಗಿ ಪ್ರಾಧ್ಯಾಪಕರನ್ನಾಗಲಿ ನಿವೃತ್ತ ಮುಖ್ಯ ಇಂಜಿನಿಯರರನ್ನಾಗಲಿ ನೇಮಿಸದೆ ಆಯಾ ಬಡಾವಣೆಯ ಮೇಸ್ತ್ರಿಗಳನ್ನೇ ನೇಮಿಸಬೇಕೆಂಬುದು ನನ್ನ ಸಲಹೆ. ಸೀಲಿನಲ್ಲಿ ಹೆಸರಿರುವ ಇಂಜಿನಿಯರು ಸೈಟಿಗೆ ಒಮ್ಮೆಯಾದರೂ ಬಂದಿದ್ದರೇ ಎಂಬ ಪ್ರಶ್ನೆಗೆ ಉತ್ತರ ಗೊತ್ತಿರುವುದು ಅವರೊಬ್ಬರಿಗೇ.