ಸ್ಯಾಡಲ್ಲೋ ಕ್ಲೈಂಬರ್ರೋ ಅಂತ ಕೇಳಿದವನಿಗೆ

ನವೆಂಬರ್ ಮೊದಲ ಎರಡು ವಾರ ಕನ್ನಡ ಕೂಟದವರ ಫೋನ್ ಬಂದರೆ ನಾನು ಎತ್ತುವುದಿಲ್ಲ. ರಾಜ್ಯೋತ್ಸವಕ್ಕೆ ಕುರ್ಚಿ ಜೋಡಿಸೋಕೆ ಜನ ಬೇಕು ಅಂತ ಗೊತ್ತು. ಆದರೆ ಇಲ್ಲಿ ಮಿಷಿಗನ್‌ನಲ್ಲಿ ಜಿಂಕೆಗಳು ಬೆದೆಗೆ ಬರುವುದೂ ಅದೇ ಹೊತ್ತಿಗೆ. ಇಷ್ಟು ದಿನ ಕತ್ತಲಲ್ಲಿ ಓಡಾಡುತ್ತಿದ್ದ ದೊಡ್ಡ ಕೊಂಬಿನ ಗಂಡು, ಮೂಗು ನೆಲಕ್ಕಿಟ್ಟುಕೊಂಡು ಹಾಡುಹಗಲೇ ಹೆಣ್ಣಿನ ಹಿಂದೆ ಬರುತ್ತದೆ. ಆಗ ನಾನು ಬಿಲ್ಲು ಹಿಡಿದು ಮರದ ಮೇಲಿರಬೇಕು. ಕುರ್ಚಿ ಸಂಕ್ರಾಂತಿಗೆ ಜೋಡಿಸೋಣ.

ಈ ಸಲ ಫೋನ್ ಮಾಡಿದ್ದು ಕೂಟದವರಲ್ಲ, ಗ್ರ್ಯಾಂಡ್ ರಾಪಿಡ್ಸ್‌ನಲ್ಲಿರುವ ದಾವಣಗೆರೆ ಹುಡುಗ. ಹೋದ ವರ್ಷ ಹಂಟರ್ ಸೇಫ್ಟಿ ಕೋರ್ಸ್ ಮುಗಿಸಿದ. ಈ ವರ್ಷ ಕಾಂಪೌಂಡ್ ಬಿಲ್ಲು ಕೊಂಡಿದ್ದಾನೆ. "ಅಣ್ಣಾ, ಮರ ಹತ್ತೋಕೆ ಕ್ಲೈಂಬರ್ ತಗೊಳ್ಳಲೋ, ಸ್ಯಾಡಲ್ ತಗೊಳ್ಳಲೋ? ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟುಹೋಗಿದೆ" ಅಂದ. ಫೋನಿನಲ್ಲಿ ಅರ್ಧ ಹೇಳಿದೆ. ಉಳಿದದ್ದು ಇಲ್ಲಿದೆ.

ಶಿಕಾರಿ ಅಂದ ಕೂಡಲೇ ಹುಬ್ಬೇರಿಸುವವರಿಗೆ ಎರಡು ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಜಿಂಕೆ ಹೊಡೆದರೆ ಜೈಲು. ಹಾಗೇ ಇರಬೇಕು ಕೂಡ. ಇಲ್ಲಿಯ ಲೆಕ್ಕ ಬೇರೆ. ಈ ಒಂದು ರಾಜ್ಯದಲ್ಲೇ ಸುಮಾರು 20 ಲಕ್ಷ ಬಿಳಿಬಾಲದ ಜಿಂಕೆಗಳಿವೆ. ವರ್ಷಕ್ಕೆ 50 ಸಾವಿರಕ್ಕೂ ಜಾಸ್ತಿ ಸಲ ಕಾರಿಗೆ ಡಿಕ್ಕಿ ಹೊಡೆಯುತ್ತವೆ. ಒಂದು ಸಲ ನನ್ನ ಕಾರಿಗೂ ಹೊಡೆದಿದೆ. ಬೇಟೆ ಲೈಸೆನ್ಸಿನ ದುಡ್ಡು ಕಾಡಿಗೇ ಹೋಗುತ್ತದೆ. 1937ರ ಒಂದು ಕಾನೂನಿನಿಂದಾಗಿ ಬಿಲ್ಲು, ಬಂದೂಕಿನ ಮೇಲಿನ ತೆರಿಗೆಯೂ ವನ್ಯಜೀವಿಗಳಿಗೇ ಖರ್ಚಾಗುತ್ತದೆ. ಒಪ್ಪದವರು ಒಪ್ಪಬೇಡಿ, ಬೇಜಾರಿಲ್ಲ. ನಮ್ಮನೆಯಲ್ಲಿ ಜಿಂಕೆ ಸಾರು, ಅಕ್ಕಿ ಕಡುಬು ಮಾಡಿದ ದಿನ ಮಾತ್ರ ಬರಬೇಡಿ.

ಈಗ ವಿಷಯಕ್ಕೆ ಬರೋಣ.

ಕ್ಲೈಂಬರ್ ಅಂದರೆ ಎರಡು ತುಂಡಿನ ಅಲ್ಯೂಮಿನಿಯಂ ಚೌಕಟ್ಟು. ಮೇಲಿನದು ಕೂರೋಕೆ, ಕೆಳಗಿನದು ನಿಲ್ಲೋಕೆ. ಎರಡಕ್ಕೂ ಮರವನ್ನು ಬಳಸಿ ಬರುವ ಒಂದೊಂದು ಕೇಬಲ್. ಭಾರ ಬಿದ್ದಾಗ ಅದು ತೊಗಟೆಯನ್ನು ಕಚ್ಚಿ ಹಿಡಿಯುತ್ತದೆ. ಮೇಲಿನದರಲ್ಲಿ ಕೂತು, ಪಾದದಲ್ಲಿ ಕೆಳಗಿನದನ್ನು ಎತ್ತಬೇಕು. ಆಮೇಲೆ ಎದ್ದು ನಿಂತು ಮೇಲಿನದನ್ನು ಎತ್ತಬೇಕು. ಕಂಬಳಿಹುಳ ಹತ್ತಿದ ಹಾಗೆ ಇಷ್ಟಿಷ್ಟೇ ಮೇಲೆ ಹೋಗೋದು. ಊರಲ್ಲಿ ತೆಂಗಿನಮರ ಹತ್ತೋಕೆ ಕೂತುಕೊಳ್ಳುವ ಯಂತ್ರ ಬಂದಿದೆಯಲ್ಲ, ಹೆಚ್ಚುಕಡಿಮೆ ಅದೇ. ಮೇಲೆ ತಲುಪಿದಮೇಲೆ ಸುಖವೋ ಸುಖ. ಒಳ್ಳೆ ಮೆತ್ತೆಯ ಆಸನ, ಕೈ ಇಡೋಕೆ ಕಂಬಿ. ನಾನು ಅದರ ಮೇಲೆ ನಿದ್ದೆ ಮಾಡಿದ್ದೂ ಉಂಟು.

ಐದು ವರ್ಷ ನಾನು ಅದನ್ನೇ ಹೊತ್ತಿದ್ದೆ. ಮುಕ್ಕಾಲು ಪಾಲು ಬಿಟ್ಟಿದ್ದು ಯಾಕೆ ಅಂದರೆ ಎರಡು ಕಾರಣ.

ಮೊದಲನೆಯದು ನನ್ನದೇ ತಪ್ಪು. ನವೆಂಬರಿನ ಒಂದು ಬೆಳಗಿನ ಜಾವ, ಗೆಳೆಯರೊಬ್ಬರ ಹೊಲದ ಅಂಚು. ಬೀಚ್ ಮರ, ತೊಗಟೆ ನಮ್ಮ ನೀಲಗಿರಿ ಮರದ ಹಾಗೆ ನುಣುಪು. ಅದರ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ನಡುವೆ ಒಂದು ಹಗ್ಗ ಕಟ್ಟಬೇಕು ಅಂತ ಪುಸ್ತಕದಲ್ಲಿ ಮೊದಲನೇ ಪುಟದಲ್ಲೇ ಬರೆದಿರುತ್ತದೆ. ಚಳಿಗೆ ಬೆರಳು ಮರಗಟ್ಟಿತ್ತು. ಮೇಲೆ ಹೋಗಿ ಕಟ್ಟಿದರಾಯ್ತು ಅಂದುಕೊಂಡೆ. ಹದಿನೈದು ಅಡಿ ಹತ್ತಿ ಕೂತೆ. ಕೆಳಗಿನದನ್ನು ಎತ್ತೋಕೆ ಅಂತ ಪಾದ ತುಸು ಸಡಿಲ ಮಾಡಿದೆ, ಅಷ್ಟೇ. ಠಣ್ ಠಣ್ ಠಣ್ ಅಂತ ಸದ್ದು. ನಿಲ್ಲುವ ತುಂಡು ಸೀದಾ ನೆಲಕ್ಕೆ. ನಾನು ಮೇಲಿನ ಆಸನದಲ್ಲಿ, ಎರಡೂ ಕಾಲು ಗಾಳಿಯಲ್ಲಿ. ಹಾರ್ನೆಸ್, ಅಂದರೆ ಬೀಳದ ಹಾಗೆ ಮೈಗೆ ಬಿಗಿದುಕೊಳ್ಳುವ ಪಟ್ಟಿ, ಮರಕ್ಕೆ ಕಟ್ಟಿತ್ತು, ಆದ್ದರಿಂದ ಇವತ್ತು ಇದನ್ನು ಬರೆಯುತ್ತಿದ್ದೇನೆ. ಆದರೆ ಇಳಿಯೋದು ಹೇಗೆ?

ಪಕ್ಕದ ಮನೆಯ ಹಿರಿಯರಿಗೆ ಫೋನ್ ಮಾಡಿದೆ. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ನನಗೆ ಬಿಲ್ಲು ಹಿಡಿಯೋಕೆ ಕಲಿಸಿದವರೂ ಅವರೇ. ಏಣಿ ತಂದು ಮರಕ್ಕೆ ಒರಗಿಸುವ ಹೊತ್ತಿಗೆ ನಲವತ್ತು ನಿಮಿಷ ಆಗಿತ್ತು. ಆ ನಲವತ್ತು ನಿಮಿಷದಲ್ಲಿ ಒಂದು ಹೆಣ್ಣು ಜಿಂಕೆ, ಹಿಂದೆ ಎರಡು ಮರಿ, ನನ್ನ ಕಾಲ ಕೆಳಗೇ ಹಾದುಹೋದವು. ಬಿಲ್ಲು ಇನ್ನೂ ನೆಲದ ಮೇಲೆ ಹಗ್ಗದ ತುದಿಯಲ್ಲಿತ್ತು. ಹಿರಿಯರು ಒಂದು ಮಾತೂ ಬೈಯಲಿಲ್ಲ. "ಕಾಫಿ ಮುಗಿಸಿ ಹೊರಟೆ, ಸ್ವಲ್ಪ ತಡವಾಯ್ತು" ಅಂದರು ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಯಂತ್ರದ ತಪ್ಪು ಖಂಡಿತ ಅಲ್ಲ. ಆದರೆ ಕ್ಲೈಂಬರಿನಲ್ಲಿ ಸೋಮಾರಿತನಕ್ಕೆ ಜಾಗ ಇದೆ. ಹತ್ತುತ್ತಾ ಹೋದ ಹಾಗೆ ಹಾರ್ನೆಸ್ ಹಗ್ಗವನ್ನು ಪ್ರತಿ ಸಲ ಕೈಯಿಂದ ಮೇಲಕ್ಕೆ ಸರಿಸಬೇಕು. ಎಷ್ಟೋ ಜನ ಮೇಲೆ ಮುಟ್ಟಿದಮೇಲೇ ಕಟ್ಟಿಕೊಳ್ಳುತ್ತಾರೆ. ಆಸನ ಇದೆಯಲ್ಲ, ಕೂತಿದ್ದೇನಲ್ಲ ಅನ್ನುವ ಧೈರ್ಯ. ಸ್ಯಾಡಲ್‌ನಲ್ಲಿ ಆ ಧೈರ್ಯಕ್ಕೆ ಆಧಾರವೇ ಇಲ್ಲ. ಹಗ್ಗ ಕಟ್ಟದೆ ಅದರಲ್ಲಿ ಕೂರೋಕೇ ಆಗುವುದಿಲ್ಲ.

ಹೆಸರು ಸ್ಯಾಡಲ್ ಆದರೂ ಕುದುರೆ ಜೀನಿಗೂ ಇದಕ್ಕೂ ಸಂಬಂಧವಿಲ್ಲ. ಸೊಂಟದಿಂದ ತೊಡೆವರೆಗೆ ಬರುವ ಗಟ್ಟಿ ಬಟ್ಟೆಯ ಜೋಳಿಗೆ ಅನ್ನಿ. ಎರಡು ಬದಿಗೆ ಕುಣಿಕೆ, ನಡುವೆ ಒಂದು ಚಿಕ್ಕ ಹಗ್ಗ. ಅದನ್ನು ಮರಕ್ಕೆ ತಲೆಮಟ್ಟದಲ್ಲಿ ಸುತ್ತಿದ ದಪ್ಪ ಹಗ್ಗಕ್ಕೆ ಕ್ಯಾರಬೈನರ್ ಅನ್ನುವ ಲೋಹದ ಕೊಂಡಿಯಿಂದ ಸಿಕ್ಕಿಸಬೇಕು. ಕಾಲಿಗೆ ಒಂದು ಚಿಕ್ಕ ತಟ್ಟೆ. ಮರದ ಕಡೆ ಮುಖ ಮಾಡಿ, ಹಿಂದಕ್ಕೆ ಭಾರ ಬಿಟ್ಟು ಒರಗೋದು. ಹತ್ತೋಕೆ ಬೇರೆ ಮೆಟ್ಟಿಲುಕೋಲು ಬೇಕು, ಮೂರೋ ನಾಲ್ಕೋ, ಪಟ್ಟಿಯಿಂದ ಮರಕ್ಕೆ ಬಿಗಿಯುವಂಥದ್ದು. ಸರ್ಕಾರಿ ಕಾಡಿನಲ್ಲಿ ಮರಕ್ಕೆ ಮೊಳೆ, ತಿರುಪು ಹೊಡೆಯುವ ಹಾಗಿಲ್ಲ. ಹತ್ತುವಾಗ ಸೊಂಟದಿಂದ ಮರ ಬಳಸಿ ಇನ್ನೊಂದು ಹಗ್ಗ, ಕರೆಂಟ್ ಕಂಬದ ಲೈನ್‌ಮನ್‌ಗಳು ಹಾಕಿಕೊಳ್ಳುವ ಹಾಗೆ.

ಇದನ್ನು ಮೊದಲ ಸಲ ಅಂಗಡಿಯಲ್ಲಿ ನೋಡಿದಾಗ ನನಗೆ ನೆನಪಾಗಿದ್ದು ನಮ್ಮ ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗಾರ. ಕಾಲಿಗೆ ತಳೆ ಹಾಕಿಕೊಂಡು ಎದೆ ಮರಕ್ಕೆ ತಾಗುವ ಹಾಗೆ ಸರಸರ ಹತ್ತೋರು. ಮೇಲೆ ಹೋಗಿ ಮಣೆ ಸಿಕ್ಕಿಸಿ ಕೂತರೆ ಎರಡೂ ಕೈ ಖಾಲಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಅಡಿಕೆ ಕೊನೆ. ಮರ ಗಾಳಿಗೆ ತೂಗಿದರೆ ಅವರೂ ಜೊತೆಗೇ ತೂಗೋರು. ಕೆಳಗೆ ಹಗ್ಗ ಹಿಡಿದು ನಿಂತ ನನಗೆ ಎದೆ ಢವಢವ, ಅವರಿಗೆ ಮೇಲಿನಿಂದಲೇ ಎಲೆಅಡಿಕೆ ಚಿಂತೆ. ಇಲ್ಲಿಯವರು ಮಣೆಯ ಬದಲು ನೈಲಾನ್ ಜೋಳಿಗೆ ಮಾಡಿ ನನಗೆ ನೂರಾರು ಡಾಲರಿಗೆ ಮಾರಿದರು.

ಎರಡನೇ ಕಾರಣವೇ ನನಗೆ ಮುಖ್ಯ. ಕ್ಲೈಂಬರಿಗೆ ನೆಟ್ಟಗಿರುವ ಮರ ಬೇಕು. ಇಪ್ಪತ್ತು ಅಡಿವರೆಗೆ ಕೊಂಬೆ ಇರಬಾರದು. ತೀರಾ ಸಣ್ಣದೂ ಆಗುವುದಿಲ್ಲ, ತೀರಾ ದಪ್ಪವೂ ಆಗುವುದಿಲ್ಲ. ಅಂಥ ಮರದ ಹತ್ತಿರವೇ ಓಡಾಡಬೇಕು ಅಂತ ಜಿಂಕೆಗೆ ಯಾರು ಹೇಳಿದ್ದಾರೆ? ನಾನು ಹೋಗುವುದು ಜಾಸ್ತಿ ವಾಟರ್‌ಲೂ ರಿಕ್ರಿಯೇಷನ್ ಏರಿಯಾ ಅನ್ನುವ ಸರ್ಕಾರಿ ಕಾಡಿಗೆ. ಅಲ್ಲಿ ಓಕ್ ದಿಬ್ಬ ಇಳಿದು ಜೌಗು ಶುರುವಾಗುವ ಕಡೆ ಜಿಂಕೆ ದಾರಿ ಇದೆ. ಬಿಳಿ ಓಕ್ ಕಾಯಿ ಉದುರುವ ಹೊತ್ತಿಗೆ ಅಲ್ಲಿ ನೆಲವೆಲ್ಲ ಗೊರಸಿನ ಗುರುತು. ದಾರಿಯ ಪಕ್ಕ ಇರುವುದು ಸೊಟ್ಟ ಚೆರ್ರಿ ಮರ ಒಂದು, ಬುಡದಲ್ಲೇ ಮೂರು ಕವಲಾದ ಮೇಪಲ್ ಒಂದು. ಕ್ಲೈಂಬರಿಗೆ ಎರಡೂ ಆಗದು. ಅದಕ್ಕೆ ಅರವತ್ತು ಗಜ ದೂರದ ನೆಟ್ಟನೆ ಪಾಪ್ಲರ್ ಹತ್ತಿ ಕೂರುತ್ತಿದ್ದೆ. ಬಿಲ್ಲಿನಿಂದ ನಾನು ಧೈರ್ಯವಾಗಿ ಬಿಡುವುದು ಇಪ್ಪತ್ತೈದು ಗಜ. ನಾಲ್ಕು ವರ್ಷ ಜಿಂಕೆ ಮೆರವಣಿಗೆ ನೋಡಿದೆ, ಸಿನಿಮಾ ನೋಡಿದ ಹಾಗೆ.

ನಮ್ಮ ಮಲೆನಾಡಿನ ಹಳಬರು ಮರಸು ಕೂರೋದು ಅನ್ನೋರು. ಹಣ್ಣು ಉದುರುವ ಮರದ ಹತ್ತಿರ ಸದ್ದಿಲ್ಲದೆ ಅಡಗಿ ಕಾಯೋದು. ಪ್ರಾಣಿ ಬರುವ ಜಾಗ ಮೊದಲು, ಕೂರುವ ಮರ ಆಮೇಲೆ. ನಾನು ಐದು ವರ್ಷ ಇದನ್ನು ತಿರುಗುಮುರುಗು ಮಾಡಿದ್ದೆ. ಸ್ಯಾಡಲ್ ಬಂದ ವರ್ಷ ಆ ಸೊಟ್ಟ ಚೆರ್ರಿಯನ್ನೇ ಹತ್ತಿದೆ. ಮೂರನೇ ಸಂಜೆ ಹೆಣ್ಣೊಂದು ಹದಿನೆಂಟು ಗಜಕ್ಕೆ ಬಂತು. ನನಗೂ ಅದಕ್ಕೂ ನಡುವೆ ಮರದ ಕಾಂಡ. ತಲೆ ಎತ್ತಿ ನೋಡಿತು. ನಾನು ಒಂದು ಇಂಚು ಪಕ್ಕಕ್ಕೆ ತೂಗಿದೆ, ಕಾಂಡ ನನ್ನನ್ನು ಮುಚ್ಚಿತು. ಅದು ಮತ್ತೆ ತಲೆ ತಗ್ಗಿಸಿದಾಗ ಬಿಲ್ಲು ಎಳೆದೆ. ಕ್ಲೈಂಬರಿನಲ್ಲಿ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದರೆ ಅಡಗೋಕೆ ಏನೂ ಇರುತ್ತಿರಲಿಲ್ಲ.

ಇಷ್ಟು ಹೊಗಳಿದಮೇಲೆ ಬೈಯಲೂಬೇಕು. ಸ್ಯಾಡಲ್ ಹಗುರ ಅಂತ ಜಾಹೀರಾತು ಹೇಳುವುದು ಪೂರ್ತಿ ಸತ್ಯವಲ್ಲ. ಜೋಳಿಗೆ ಒಂದನ್ನೇ ತೂಗಿದರೆ ಒಂದು ಕಿಲೋ ಚಿಲ್ಲರೆ. ನಾಲ್ಕು ಕೋಲು, ತಟ್ಟೆ, ಹಗ್ಗ ಎಲ್ಲ ಸೇರಿ ನನ್ನ ಬೆನ್ನಿನ ಮೇಲೆ ಎಂಟು ಕಿಲೋ ಇರುತ್ತದೆ. ನನ್ನ ಹಳೆ ಕ್ಲೈಂಬರ್ ಒಂಬತ್ತು. ಖರ್ಚೂ ಹಾಗೇ, ಒಂದೊಂದೇ ತಗೊಂಡು ಕೊನೆಗೆ 700 ಡಾಲರ್ ದಾಟಿತು. ಮೊದಲ ವಾರ ಸೊಂಟದ ಎರಡು ಬದಿ ಹಿಂಡಿ ಹಾಕಿತು. ಮೊಣಕಾಲು ಮರಕ್ಕೆ ಒತ್ತಿ ಒತ್ತಿ ನೀಲಿಗಟ್ಟಿತು. ಬಲಗೈ ಬಿಲ್ಲುಗಾರನಿಗೆ ಎಡಗಡೆ ಬಂದ ಜಿಂಕೆ ಸಲೀಸು. ಬಲಗಡೆ ಬಂದರೆ ಹಗ್ಗ ದಾಟಿಸಿ, ಮೈ ತಿರುಗಿಸಿ ಸರ್ಕಸ್ ಮಾಡಬೇಕು. ಅದಕ್ಕೆ ಅಭ್ಯಾಸ ಬೇಕೇಬೇಕು. ಲೈನ್‌ಮನ್ ಹಗ್ಗ ಬಿಟ್ಟು ಹತ್ತುವ ಪುಣ್ಯಾತ್ಮರು ಇದರಲ್ಲೂ ಇದ್ದಾರೆ. ಇನ್ನೊಂದು, ಈ ಹಗ್ಗಗಳು ಜಗ್ಗುವುದಿಲ್ಲ. ಮೇಲಿನ ಹಗ್ಗ ಯಾವಾಗಲೂ ಬಿಗಿಯಾಗೇ ಇರಬೇಕು. ಸಡಿಲ ಬಿಟ್ಟು ಜಾರಿದರೆ ಮೂರು ಅಡಿ ಬಿದ್ದರೂ ಸೊಂಟ ಹೋಗುತ್ತದೆ.

ಡಿಸೆಂಬರಿನಲ್ಲಿ ನಾನು ಈಗಲೂ ಕ್ಲೈಂಬರ್ ಹೊರುತ್ತೇನೆ. ಮೈನಸ್ ಹತ್ತು ಡಿಗ್ರಿ, ಮೂರು ಪದರ ಜಾಕೆಟ್, ಅದರ ಮೇಲೆ ಜೋಳಿಗೆ ಕಟ್ಟಿಕೊಂಡು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಾ ನಿಲ್ಲುವ ವಯಸ್ಸು ನನ್ನದಲ್ಲ. ಗೆಳೆಯರ ಹೊಲದಂಚಿನಲ್ಲಿ ಮರಗಳೂ ನೆಟ್ಟಗಿವೆ. ನಿಮ್ಮ ಜಾಗವೂ ಅಂಥದ್ದಾದರೆ, ವರ್ಷಕ್ಕೆ ನಾಲ್ಕೇ ದಿನ ಹೋಗುವುದಾದರೆ, ಸುಮ್ನೆ ಕ್ಲೈಂಬರ್ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಂಡರೆ ಮಾತ್ರ ಕೇಬಲ್ ಬೆರಳಲ್ಲಿ ಸವರಿ ನೋಡಿ, ನಡುವಿನ ಹಗ್ಗ ಹೊಸದು ಹಾಕಿಸಿ.

ದಾವಣಗೆರೆ ಹುಡುಗನಿಗೆ ನಾನು ಸ್ಯಾಡಲ್ ಅಂದೆ. ಅವನಿಗೆ ಇಪ್ಪತ್ತೆಂಟು, ಸರ್ಕಾರಿ ಕಾಡೇ ಗತಿ, ಜಾಗ ದಿನಾ ಬದಲಾಗುತ್ತದೆ. ಕೊಳ್ಳುವ ಮುಂಚೆ ಶನಿವಾರ ನಮ್ಮನೆಗೆ ಬಾ ಅಂದಿದ್ದೇನೆ. ಹಿತ್ತಲ ಮೇಪಲ್‌ಗೆ ನೆಲದಿಂದ ಎರಡೇ ಅಡಿ ಮೇಲೆ ಕಟ್ಟಿಕೊಡುತ್ತೇನೆ. ಒಂದು ಗಂಟೆ ನೇತಾಡಲಿ, ಸೊಂಟ ಏನು ಹೇಳುತ್ತದೋ ಅವನೇ ಕೇಳಿಕೊಳ್ಳಲಿ. ಮೊಣಕಾಲಿಗೆ ಟೈಲ್ಸ್ ಕೆಲಸದವರು ಹಾಕುವ ಪ್ಯಾಡ್ ಸಾಕು, ಬೇಟೆ ಅಂಗಡಿಯಲ್ಲಿ ಅದಕ್ಕೇ ಎರಡರಷ್ಟು ದುಡ್ಡು. ಹೋದ ಸಲ ನಾನು ಹೀಗೆ ನೇತಾಡುವಾಗ ಎದುರುಮನೆಯವರು ಗಾಬರಿಯಾಗಿ ಓಡಿಬಂದಿದ್ದರು. ಈ ಸಲ ಹೆಂಡತಿ ಮೊದಲೇ ಅವರಿಗೆ ಹೇಳಿಬಂದಿದ್ದಾಳೆ.