ಕೊನೇ ಬೆಂಚಿಲ್ಲದ ಕ್ಲಾಸು

ಇವತ್ತು ಬೆಳಗ್ಗೆ ಕ್ಲಾಸಿನಲ್ಲಿ ಮೇಜಿನ ಕೆಳಗೆ ಬಗ್ಗಿ ಪೂರ್ತಿ ಅರ್ಧ ನಿಮಿಷ ಶೂ ಲೇಸು ಕಟ್ಟಿದೆ. ಹಾಕಿಕೊಂಡಿದ್ದು ಚಪ್ಪಲಿ.

ಕಾರಣ ನಮ್ಮ ತತ್ವಶಾಸ್ತ್ರದ ಮೇಷ್ಟ್ರು. ನಮ್ಮದು ಪುಟ್ಟ ಲಿಬರಲ್ ಆರ್ಟ್ಸ್ ಕಾಲೇಜು, ಅಂದರೆ ಒಂದೇ ವಿಷಯಕ್ಕೆ ಅಂಟಿಕೊಳ್ಳದೆ ಹಲವು ವಿಷಯ ಓದಿಸುವ ಜಾಗ. ಸುತ್ತ ಹೊಲ, ಒಂದು ಬಸ್ ಸ್ಟಾಪು, ಮನಸ್ಸಾದಾಗ ಬರುವ ಸಿಗ್ನಲ್ಲು. ಈ ಕ್ಲಾಸಿಗೆ ಇರುವುದು ಏಳೇ ಜನ, ಕೂರುವುದು ದುಂಡು ಮೇಜಿನ ಸುತ್ತ. ದುಂಡು ಮೇಜಿಗೆ ಕೊನೇ ಬೆಂಚು ಇರುವುದಿಲ್ಲ ಅಂತ ಸೇರುವಾಗ ಯಾರೂ ಹೇಳಲಿಲ್ಲ. ಪ್ರಾಕ್ಸಿ ಕೊಡೋಣ ಅಂದರೆ ಅವರು ಹಾಜರಿಯನ್ನೇ ಕರೆಯುವುದಿಲ್ಲ. ಸುಮ್ನೆ ತಲೆ ಎತ್ತಿ ಒಮ್ಮೆ ನೋಡುತ್ತಾರೆ. ಮುಗೀತು.

ಮಧ್ಯಯುಗದ ಯುರೋಪಿನಲ್ಲಿ ಲಿಬರಲ್ ಆರ್ಟ್ಸ್ ಅಂದರೆ ಏಳು ವಿದ್ಯೆಗಳು: ವ್ಯಾಕರಣ, ತರ್ಕ, ಮಾತುಗಾರಿಕೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ನಾವೂ ಏಳು ಜನ. ತಲೆಗೊಂದು ಹಂಚಿ ಮನೆಗೆ ಕಳಿಸಿದ್ದರೆ ಆಗುತ್ತಿತ್ತು. ಹೋಗಲಿ, ಎಂಟನೆಯದನ್ನು ನಾವೇ ಕಲಿತಿದ್ದೇವೆ. ಮುಖ ತಪ್ಪಿಸುವ ವಿದ್ಯೆ.

ಮೇಷ್ಟ್ರ ಅಭ್ಯಾಸ ಒಂದೇ: ಪ್ರಶ್ನೆ ಕೇಳಿ ಕಾಯುವುದು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆ, 3 ಸೆಕೆಂಡು ಕಾದರೆ ಉತ್ತರ ಚೆನ್ನಾಗಿ ಬರುತ್ತದೆ ಅಂತ 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತೋರಿಸಿಕೊಟ್ಟರು. ನಮಗೆ ಇದನ್ನು ಹೇಳಿದ್ದೂ ನಮ್ಮ ಮೇಷ್ಟ್ರೇ. ಮೂರಕ್ಕೇ ಇಷ್ಟು ಲಾಭವಾದರೆ ಅರವತ್ತಕ್ಕೆ ಎಷ್ಟು ಅಂತ ಲೆಕ್ಕ ಹಾಕಿರಬೇಕು.

ಇವತ್ತಿನ ಪ್ರಶ್ನೆ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವ, ಗ್ರೀಕ್ ಪುರಾಣದ ವೀರ ಥೀಸಿಯಸ್‌ನ ಹಡಗಿನದು. ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋದರೆ ಅದು ಹಳೇ ಹಡಗೋ, ಹೊಸದೋ?

ಮೌನ.

ಮೊದಲ ಹತ್ತು ಸೆಕೆಂಡು ಎಲ್ಲರೂ ಪುಸ್ತಕ ನೋಡಿದೆವು. ಒಬ್ಬಳು ಬಾಟಲಿ ಎತ್ತಿ ನೀರು ಕುಡಿಯತೊಡಗಿದಳು. ಬಾಯಲ್ಲಿ ನೀರಿದ್ದರೆ ಯಾರೂ ಕೇಳುವುದಿಲ್ಲವಲ್ಲ. ಬಾಟಲಿ ಖಾಲಿಯಾಯಿತು, ಅವಳು ಕುಡಿಯುತ್ತಲೇ ಇದ್ದಳು. ಇನ್ನೊಬ್ಬ ಕೆಮ್ಮಿದ. ಮತ್ತೊಬ್ಬ ಪೆನ್ನು ಬೀಳಿಸಿ ಹುಡುಕಲು ಕೆಳಗೆ ಬಂದ, ಅಲ್ಲಿ ನಾನಾಗಲೇ ಇದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಷ್ಟ್ರು ಮಾತ್ರ ಕಿಟಕಿಯಾಚೆ ಹೊಲ ನೋಡುತ್ತಾ ಆರಾಮಾಗಿದ್ದರು. ಬೆಳೆ ಬರುವವರೆಗೂ ಕಾಯುವ ಮನುಷ್ಯ.

ಕೊನೆಗೆ ತಡೆಯಲಾಗದೆ ಕೆಳಗಿನಿಂದಲೇ ಹೇಳಿಬಿಟ್ಟೆ: "ಎರಡೂ ಹೌದು ಸರ್."

"ಎರಡೂ ಹೇಗೆ?"

ಮತ್ತೆ ಮೌನ. ಬೆಲ್ಲು ಹೊಡೆದು ನನ್ನನ್ನು ಕಾಪಾಡಿತು ಅಂದುಕೊಂಡೆ. ರಾತ್ರಿ ಮೆಸ್ಸಿನಲ್ಲಿ ತಟ್ಟೆ ಹಿಡಿದು ಎದುರಿಗೇ ಬಂದು ಕೂತರು. "ಹಾಂ, ಎರಡೂ ಹೇಗೆ?" ಅಂದರು. ಕಾದರು. ನಾನು ಒಂದೇ ತುತ್ತನ್ನು ಎಷ್ಟು ಹೊತ್ತು ಅಗಿದೆನೋ ಗೊತ್ತಿಲ್ಲ. ದೊಡ್ಡ ಕಾಲೇಜಾಗಿದ್ದರೆ ಬೇರೆ ಮೆಸ್ಸಿಗೆ ಹೋಗಬಹುದಿತ್ತು. ಇಲ್ಲಿ ಬೇರೆ ಮೇಜಿಗೆ ಹೋದರೂ ಎದ್ದುಕಾಣುತ್ತೇವೆ.

ದೊಡ್ಡ ಕಾಲೇಜಿನಲ್ಲಿ ಓದುವ ಗೆಳತಿಯೊಬ್ಬಳಿದ್ದಾಳೆ. ಜ್ವರ ಬಂದು ಒಂದು ವಾರ ಮಲಗಿದ್ದಳಂತೆ. ಕ್ಲಾಸಿನಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲವಂತೆ. ಹೋದ ತಿಂಗಳು ನಾನು ಎರಡು ದಿನ ಮಲಗಿದಾಗ ಆರೂ ಜನ ರೂಮಿಗೆ ಬಂದಿದ್ದರು. ಮೇಷ್ಟ್ರು ಚೀಟಿ ಕಳಿಸಿದ್ದರು. "ಬೇಗ ಹುಷಾರಾಗು. ನಿನ್ನ ಕುರ್ಚಿ ಖಾಲಿ ಇದೆ." ಎರಡು ಸಲ ಓದಿಕೊಂಡೆ. ಆಮೇಲೆ ಚೀಟಿ ತಿರುಗಿಸಿದೆ. ಹಿಂದೆ ಒಂದು ಪ್ರಶ್ನೆ ಇತ್ತು.

ನಾಳೆ ಮೊದಲ ಪೀರಿಯಡ್ಡೇ ಅವರದು. ಎರಡೂ ಹೇಗೆ ಅಂತ ನಿಮಗೇನಾದರೂ ಗೊತ್ತಾ?

ಪರವಾಗಿಲ್ಲ. ಕಾಯುತ್ತೇನೆ.