ಅಂಗಾಲಿನ ಕಡೆಗೂ ಗಮನ ಇರಲಿ

ನಾಯಿ ಜೊತೆ ಚಾರಣಕ್ಕೆ ಹೊರಡುವಾಗ ನೀರು, ಬೆಲ್ಟು, ಲಸಿಕೆ ಚೀಟಿ ಮರೆಯಬೇಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಸರಿ. ಆದರೆ ಪಾದದ ವಿಷಯ ಬಿಟ್ಟೇ ಹೋಗಿದೆ. ನಮ್ಮ ನಾಯಿಯನ್ನು ಮೊದಲ ಸಲ ಬೆಟ್ಟಕ್ಕೆ ಕರೆದುಕೊಂಡು ಹೋದಾಗ ನಾನು ಬ್ಯಾಗ್ ತುಂಬಾ ಬರೀ ಬಿಸ್ಕತ್ತು ತುಂಬಿಕೊಂಡಿದ್ದೆ. ಮಧ್ಯಾಹ್ನ ಬಂಡೆ ಮೇಲೆ ಇಳಿಯುವಾಗ ಅದು ಒಂದೊಂದೇ ಕಾಲು ಎತ್ತಿ ಎತ್ತಿ ಇಡೋಕೆ ಶುರು ಮಾಡಿತು. ನೋಡಿದರೆ ಅಂಗಾಲಿನ ಚರ್ಮ ಕಿತ್ತು ಕೆಂಪಗಾಗಿತ್ತು. 22 ಕಿಲೋ ನಾಯಿಯನ್ನು ಹೊತ್ತುಕೊಂಡೇ ಇಳಿದೆ! ಈಗ ಮೊದಲು ನನ್ನ ಕೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ 7 ಸೆಕೆಂಡ್ ಇಟ್ಟು ನೋಡುತ್ತೇನೆ. ನನಗೇ ಬಿಸಿ ತಡೆಯೋಕೆ ಆಗದಿದ್ದರೆ ಅದಕ್ಕೂ ಆಗಲ್ಲ, ಅಲ್ವಾ?

ನಾಯಿಗಳು ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಪಗ್ ತರದ ಚಪ್ಪಟೆ ಮೂತಿಯವನ್ನಂತೂ ಬಿಸಿಲಲ್ಲಿ ಸುತ್ತಿಸಲೇಬೇಡಿ. ಕಾರು ಹತ್ತುವ ಮುಂಚೆ ಹೊಟ್ಟೆ ತುಂಬಾ ಊಟ ಹಾಕಿದರೆ ಸೀಟು ತೊಳೆಯುವ ಕೆಲಸ ನಿಮ್ಮದೇ.

ವಾಪಸ್ ಬಂದ ಮೇಲೆ ಕಿವಿ ಹತ್ತಿರ, ಬೆರಳ ಸಂದಿಯಲ್ಲಿ ಉಣ್ಣಿ ಕಚ್ಚಿಕೊಂಡಿದೆಯಾ ನೋಡಿ. ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನಿಧಾನಕ್ಕೆ, ನೇರವಾಗಿ ಎಳೆಯಿರಿ. ಸುಮ್ನೆ ಉಗುರಲ್ಲಿ ಜಜ್ಜೋಕೆ ಹೋಗಬೇಡಿ.